ತುಲೂಸ್‌ನಿಂದ ದುಬೈಗೆ: ಮಕ್ಕಳನ್ನು ಫ್ರೆಂಚ್ ಶಾಲೆಗೆ ಸೇರಿಸಿದ ಅನುಭವ

ಮಕ್ಕಳು ದುಬೈನಲ್ಲಿ ಫ್ರೆಂಚ್ ಶಾಲೆಗೆ ಹೋಗುತ್ತಾರೆ ಅಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಫೀಸ್ ಎಷ್ಟು ಅಂತ. ಅದರ ಹಿಂದೆಯೇ, ಅಲ್ಲಿ ಅಷ್ಟೊಂದು ಸಿಬಿಎಸ್‌ಇ ಶಾಲೆಗಳಿದ್ದಾವಲ್ಲ, ಇದ್ಯಾಕೆ ಬೇಕಿತ್ತು ಅಂತ. ಎರಡಕ್ಕೂ ಉತ್ತರ ಇಲ್ಲಿದೆ. ಆದರೆ ಈಗ ಯಾರಾದರೂ ನನ್ನ ಸಲಹೆ ಕೇಳಿದರೆ ನಾನು ಫೀಸಿಗಿಂತ ಮೊದಲು ಎರಡು ಮಾತು ಕೇಳುತ್ತೇನೆ. ಸಂಜೆ ಹೊತ್ತು ಮಗುವಿನ ಜೊತೆ ಫ್ರೆಂಚ್ ಪುಸ್ತಕ ಹಿಡಿದು ಕೂರುವವರು ಮನೆಯಲ್ಲಿ ಯಾರು? ಮಗು ಶಾಲೆ ಮುಗಿಸುವ ಹೊತ್ತಿಗೆ ನೀವು ಯಾವ ದೇಶದಲ್ಲಿರುತ್ತೀರಿ? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಕಾಗದ ಪತ್ರ ಮತ್ತು ದುಡ್ಡಿನ ವಿಷಯ.

ನಮ್ಮ ಕತೆ ಹೀಗೆ. ನಮ್ಮ ಯಜಮಾನರದು ವಿಮಾನ ಕ್ಷೇತ್ರದ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಎಂಜಿನಿಯರುಗಳು ಫ್ರಾನ್ಸಿನ ತುಲೂಸ್‌ಗೆ ಹೋಗುವುದು ಸಾಮಾನ್ಯ, ವಿಮಾನ ತಯಾರಿಸುವ ಏರ್‌ಬಸ್‌ನ ಕೇಂದ್ರ ಕಚೇರಿ ಅಲ್ಲೇ ಇರುವುದರಿಂದ ಆ ಊರಿನ ತುಂಬಾ ಅದಕ್ಕೆ ಸಂಬಂಧಪಟ್ಟ ಕಂಪನಿಗಳು. ಇಬ್ಬರು ಮಕ್ಕಳೂ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ತುಲೂಸ್‌ನಲ್ಲಿ. ಮಗಳು ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಸರ್ಕಾರಿ ಶಾಲೆಗೆ ಫೀಸ್ ಇಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ದುಡ್ಡು, ಅದೂ ಮನೆಯ ಆದಾಯ ನೋಡಿ. 2022ರ ಶುರುವಿನಲ್ಲಿ ದುಬೈಗೆ ವರ್ಗ ಆಗುತ್ತದೆ ಅಂತ ಗೊತ್ತಾದಾಗ ಅವಳು ಸಿಇ1ರಲ್ಲಿದ್ದಳು, ಅಂದರೆ ನಮ್ಮ ಲೆಕ್ಕದ ಎರಡನೇ ಕ್ಲಾಸು. ಓದು, ಬರಹ, ಕೂಡುವುದು, ಕಳೆಯುವುದು ಎಲ್ಲವನ್ನೂ ಫ್ರೆಂಚ್‌ನಲ್ಲೇ ಕಲಿತಿದ್ದಳು. ಇಂಗ್ಲಿಷ್ ಅರ್ಥವಾಗುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮನೆಯಲ್ಲಿ ಕನ್ನಡ. ಈ ಮಗುವನ್ನು ಇದ್ದಕ್ಕಿದ್ದ ಹಾಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಮೂರನೇ ಕ್ಲಾಸಿನಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಕಂಪನಿ ಮುಂದೆ ಮತ್ತೆ ಫ್ರಾನ್ಸ್‌ಗೆ ಕರೆಸಿಕೊಳ್ಳುವ ಸಾಧ್ಯತೆಯೂ ಇತ್ತು.

ಫ್ರಾನ್ಸ್ ದೇಶದ ಹೊರಗೆ ಫ್ರೆಂಚ್ ಶಾಲೆಗಳ ಒಂದು ದೊಡ್ಡ ಜಾಲವೇ ಇದೆ. ಎಇಎಫ್‌ಇ ಅನ್ನುವ ಸರ್ಕಾರಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. 1990ರಲ್ಲಿ ಶುರುವಾದದ್ದು, ಅಲ್ಲಿನ ವಿದೇಶಾಂಗ ಸಚಿವಾಲಯದ ಕೆಳಗೆ ಬರುತ್ತದೆ. 130ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 600 ಶಾಲೆಗಳಿವೆ. ನಮ್ಮ ಪಕ್ಕದ ಪುದುಚೇರಿಯ ಲಿಸೆ, ಅಂದರೆ ಅಲ್ಲಿನ ಫ್ರೆಂಚ್ ಶಾಲೆ, 1826ರಷ್ಟು ಹಳೆಯದು. ದೆಹಲಿ, ಮುಂಬೈಗಳಲ್ಲೂ ಇವೆ. ಅಬುಧಾಬಿಯಲ್ಲಿ ಲೂಯಿ ಮಾಸಿನ್ಯೋನ್, ದುಬೈನಲ್ಲಿ ಜಾರ್ಜ್ ಪೊಂಪಿಡೂ, ಜಾನ್ ಮೆರ್ಮೋಜ್ ಹೀಗೆ ಕೆಲವು. ನಮ್ಮ ಮಕ್ಕಳ ಶಾಲೆ ಯಾವುದು ಅಂತ ಬರೆಯುವುದಿಲ್ಲ, ಇನ್ನೂ ಅಲ್ಲೇ ಓದುತ್ತಿದ್ದಾರೆ.

ಈ ಜಾಲದ ಶಾಲೆಗಳಲ್ಲಿ ಕೆಲವನ್ನು ಎಇಎಫ್‌ಇ ನೇರವಾಗಿ ನಡೆಸುತ್ತದೆ, ಕೆಲವು ಒಪ್ಪಂದದ ಮೇಲೆ ನಡೆಯುತ್ತವೆ, ಉಳಿದವು ಸಹಭಾಗಿ ಶಾಲೆಗಳು. ಅಪ್ಪ ಅಮ್ಮಂದಿರಿಗೆ ಅದಕ್ಕಿಂತ ಮುಖ್ಯವಾದದ್ದು ಮಾನ್ಯತೆ. ಫ್ರಾನ್ಸಿನ ಶಿಕ್ಷಣ ಸಚಿವಾಲಯ ಒಂದು ಶಾಲೆಗೆ ಮಾನ್ಯತೆ ಕೊಟ್ಟಿದ್ದರೆ ಅಲ್ಲಿಂದ ಇನ್ನೊಂದು ಮಾನ್ಯ ಶಾಲೆಗೆ, ಅಥವಾ ಫ್ರಾನ್ಸಿನ ಸರ್ಕಾರಿ ಶಾಲೆಗೆ, ಪ್ರವೇಶ ಪರೀಕ್ಷೆ ಇಲ್ಲದೆ ಮಗು ಮುಂದಿನ ಕ್ಲಾಸಿಗೆ ಹೋಗಬಹುದು. ನಮಗೆ ಬೇಕಿದ್ದದ್ದು ಇದೇ. ಆದರೆ ಈ ಮಾನ್ಯತೆ ಇಡೀ ಶಾಲೆಗೆ ಒಟ್ಟಿಗೆ ಸಿಗುವುದಿಲ್ಲ, ಹಂತ ಹಂತವಾಗಿ ಸಿಗುತ್ತದೆ. ಹೊಸ ಶಾಲೆಗಳಲ್ಲಿ ಪ್ರಾಥಮಿಕ ತರಗತಿಗಳಿಗೆ ಇದ್ದು ಮೇಲಿನವಕ್ಕೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಕೇಳುವಾಗ ಸುಮ್ನೆ ‘ನಿಮ್ಮ ಶಾಲೆಗೆ ಮಾನ್ಯತೆ ಇದೆಯಾ’ ಅಂತ ಕೇಳಿ ಬಿಡಬೇಡಿ. ನಿಮ್ಮ ಮಗು ಈಗ ಸೇರುವ ಕ್ಲಾಸಿಗೆ ಇದೆಯಾ, ಇನ್ನು ಮೂರು ನಾಲ್ಕು ವರ್ಷದಲ್ಲಿ ಹೋಗುವ ಕ್ಲಾಸಿಗೂ ಇದೆಯಾ ಅಂತ ಕೇಳಿ.

ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿಗೆ ಶುರುವಾಗುವ ಶಾಲೆಗೆ ಅರ್ಜಿ ಹಾಕುವ ಕೆಲಸ ವರ್ಷದ ಮೊದಲ ತಿಂಗಳುಗಳಲ್ಲೇ ಶುರುವಾಗುತ್ತದೆ. ಎಲ್ಲ ಆನ್‌ಲೈನ್. ಮಗು ಯಾವ ಕ್ಲಾಸು ಅನ್ನುವುದು ಹುಟ್ಟಿದ ವರ್ಷದ ಮೇಲೆ ನಿಂತಿದೆ, ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ಕ್ಲಾಸು. ನಮ್ಮ ಮಗ 2018ರ ನವೆಂಬರಿನವನು. ತುಲೂಸ್‌ನಲ್ಲಿ ಮೂರು ತುಂಬುವ ಮೊದಲೇ ಶಾಲೆ ಸೇರಿದ್ದ, ಪಕ್ಕದಲ್ಲಿ ಕೂತ ಜನವರಿಯ ಮಗು ಅವನಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡದು. ವರ್ಷದ ಕೊನೆಯಲ್ಲಿ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅಕ್ಷರ ತಡವಾದರೆ ಗಾಬರಿ ಬೇಡ.

ಮಗಳಿಗೆ ಮಾನ್ಯ ಶಾಲೆಯಿಂದ ಬರುತ್ತಿದ್ದ ಕಾರಣ ಪರೀಕ್ಷೆ ಇರಲಿಲ್ಲ. ಏಪ್ರಿಲ್‌ನಲ್ಲೇ ಸೀಟು ಸಿಕ್ಕಿತು. ಮಗನಿಗೆ ಇಲ್ಲ ಅಂದರು. ಮಾತರ್ನೆಲ್, ಅಂದರೆ ನಮ್ಮ ಎಲ್‌ಕೆಜಿ ಯುಕೆಜಿ ವಯಸ್ಸಿನ ತರಗತಿಗಳಿಗೆ ಬೇಡಿಕೆ ಜಾಸ್ತಿ, ಯಾಕೆಂದರೆ ಫ್ರೆಂಚ್ ಗೊತ್ತಿಲ್ಲದ ಮಕ್ಕಳೂ ಆ ವಯಸ್ಸಿನಲ್ಲಿ ಸೇರಬಹುದು. ಅಕ್ಕ ಸೇರಿದ ಮೇಲೆ ತಮ್ಮನಿಗೆ ಆದ್ಯತೆ ಕೊಡುತ್ತೇವೆ ಅಂದರು, ಕಾಯುವ ಪಟ್ಟಿಯಲ್ಲಿ ಹಾಕಿದರು. ಆಮೇಲೆ ವಾರಗಟ್ಟಲೆ ಸುದ್ದಿ ಇಲ್ಲ. ಇಮೇಲಿಗೆ ಉತ್ತರ ಇಲ್ಲ. ಅತ್ತ ಬಾಡಿಗೆ ಮನೆ ಯಾವ ಏರಿಯಾದಲ್ಲಿ ಹಿಡಿಯುವುದು ಅಂತಲೂ ತೀರ್ಮಾನ ಆಗದೆ ಒದ್ದಾಡಿದೆವು, ಒಂದು ಮಗು ಒಂದು ಕಡೆ ಇನ್ನೊಂದು ಮಗು ಇನ್ನೊಂದು ಕಡೆ ಅಂದರೆ ದುಬೈ ಟ್ರಾಫಿಕ್‌ನಲ್ಲಿ ಬೆಳಿಗ್ಗೆ ಎರಡು ಗಂಟೆ ರಸ್ತೆಯಲ್ಲೇ. ಕೊನೆಗೆ ನಾನು ಫ್ರೆಂಚ್‌ನಲ್ಲಿ ಒಂದು ಕಾಗದ ಬರೆದು, ಇಬ್ಬರಿಗೂ ಸೀಟು ಇಲ್ಲದಿದ್ದರೆ ಮಗಳ ಸೀಟನ್ನೂ ಬಿಡಬೇಕಾಗುತ್ತದೆ ಅಂತ ನೇರವಾಗಿ ಹೇಳಿದೆ. ಜೂನ್ ಕೊನೆಗೆ ಆಯ್ತು ಅಂತ ಉತ್ತರ ಬಂತು. ಸಣ್ಣ ಮಕ್ಕಳ ವಿಷಯದಲ್ಲಿ ಇಷ್ಟು ದಿನ ಒಂದು ಸಾಲಿನ ಉತ್ತರವೂ ಕೊಡದೆ ಕಾಯಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಇನ್ನು ಕಾಗದ ಪತ್ರ. ಶಾಲೆ ಕೇಳುವುದು ಕಷ್ಟದ್ದೇನಲ್ಲ: ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ, ಹಿಂದಿನ ಶಾಲೆಯ ಪ್ರಗತಿ ಪುಸ್ತಕ, ಮತ್ತು ಹಳೆ ಶಾಲೆ ಬಿಟ್ಟ ಪ್ರಮಾಣಪತ್ರ. ನಮ್ಮ ಟಿಸಿ ಇದ್ದ ಹಾಗೆಯೇ ಅದು. ಯುಎಇ ವೀಸಾ ಮತ್ತು ಎಮಿರೇಟ್ಸ್ ಐಡಿ ಬಂದ ಮೇಲೆ ಅವನ್ನೂ ಕೊಡಬೇಕು. ಕಷ್ಟ ಕೊಟ್ಟದ್ದು ಜನನ ಪ್ರಮಾಣಪತ್ರ. ಫ್ರಾನ್ಸ್‌ಗೆ ಹೋಗುವಾಗ ಭಾರತದಲ್ಲಿ ಅಪೊಸ್ಟೀಲ್ ಮಾಡಿಸಿದ್ದೆವು, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರೂ ಒಪ್ಪುವ ಮುದ್ರೆ, ಭಾರತ ಫ್ರಾನ್ಸ್ ಎರಡೂ ಅದರ ಅಂತರರಾಷ್ಟ್ರೀಯ ಒಪ್ಪಂದದಲ್ಲಿರುವುದರಿಂದ ಅದು ಸಾಕಾಗಿತ್ತು. ಯುಎಇ ಆಗ ಆ ಒಪ್ಪಂದದಲ್ಲಿ ಇರಲಿಲ್ಲ. ಮಕ್ಕಳ ವೀಸಾಗೆ ಮತ್ತೆ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ದೆಹಲಿಯ ಯುಎಇ ರಾಯಭಾರ ಕಚೇರಿಯದು, ಕೊನೆಗೆ ದುಬೈ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದು. ಮೂಲ ಪ್ರತಿಗಳು ಬೆಂಗಳೂರಿನಲ್ಲಿ ಅತ್ತೆ ಮನೆ ಬೀರುವಿನಲ್ಲಿದ್ದವು, ಮಾವನೇ ಓಡಾಡಿ ಏಜೆಂಟ್ ಕೈಗೆ ಕೊಟ್ಟು ಮಾಡಿಸಿದರು.

ಹೆಸರಿನ ತಾಪತ್ರಯ ನಮ್ಮ ದಕ್ಷಿಣದವರಿಗೆ ಗೊತ್ತೇ ಇದೆ. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ಮಾತ್ರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮು, ಫ್ರೆಂಚ್ ಶಾಲೆಯ ಪ್ರಗತಿ ಪುಸ್ತಕದಲ್ಲಿ ಎರಡೂ ಹಿಂದು ಮುಂದು. ದುಬೈ ಶಾಲೆಯವರು ಒಂದೊಂದೂ ಬೇರೆ ಮಗುವಿನದೇನೋ ಅನ್ನುವ ಹಾಗೆ ನೋಡಿದರು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಎಲ್ಲ ಕಡೆ ಬರೆಸಿ, ಹಳೆ ಶಾಲೆಯಿಂದ ತಿದ್ದಿದ ಪ್ರಗತಿ ಪುಸ್ತಕ ತರಿಸಿದ ಮೇಲೆ ಸರಿಹೋಯಿತು.

ಈಗ ಫೀಸಿಗೆ ಬರೋಣ. ಮಗಳ ಸಿಇ2, ಅಂದರೆ ಮೂರನೇ ಕ್ಲಾಸಿಗೆ ವರ್ಷಕ್ಕೆ ಸುಮಾರು 40 ಸಾವಿರ ದಿರ್ಹಂ ಆಸುಪಾಸು, ಆಗಿನ ದರದಲ್ಲಿ ಒಂಬತ್ತು ಲಕ್ಷ ರೂಪಾಯಿಯ ಹತ್ತಿರ. ಕ್ಲಾಸು ಮೇಲೆ ಹೋದ ಹಾಗೆ ಜಾಸ್ತಿ ಆಗುತ್ತದೆ. ಬಸ್ಸು ಬೇರೆ, ಊಟ ಬೇರೆ, ಯೂನಿಫಾರ್ಮ್ ಬೇರೆ, ಶಾಲೆ ಬಿಟ್ಟ ಮೇಲಿನ ಕ್ಲಬ್ಬುಗಳು ಬೇರೆ. ನಮ್ಮ ಪರಿಚಯದ ಮಂಗಳೂರಿನ ಕುಟುಂಬವೊಂದು ಮಗನನ್ನು ಸಿಬಿಎಸ್‌ಇ ಶಾಲೆಗೆ ಕಳಿಸುತ್ತದೆ, ಅವರದು ಇದರ ಅರ್ಧವೂ ಇಲ್ಲ. ದುಬೈನಲ್ಲಿ ಒಂದು ಒಳ್ಳೆಯದು ಏನೆಂದರೆ ಖಾಸಗಿ ಶಾಲೆಗಳ ಫೀಸಿನ ಮೇಲೆ ಕೆಎಚ್‌ಡಿಎ ಅನ್ನುವ ಸರ್ಕಾರಿ ಪ್ರಾಧಿಕಾರದ ಹಿಡಿತ ಇದೆ. ಅವರ ಒಪ್ಪಿಗೆ ಇಲ್ಲದೆ ಏರಿಸುವ ಹಾಗಿಲ್ಲ, ಶಾಲೆಯವರು ಮತ್ತು ಪೋಷಕರು ಒಪ್ಪಂದಕ್ಕೆ ಸಹಿ ಹಾಕಬೇಕು. ಆ ಒಪ್ಪಂದವನ್ನು ಪೂರ್ತಿ ಓದಿ. ಮಧ್ಯದಲ್ಲಿ ಊರು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ಅದರಲ್ಲಿದೆ, ವರ್ಗವಾಗುವ ನೌಕರಿಯವರಿಗೆ ಅದಕ್ಕಿಂತ ಮುಖ್ಯವಾದ ಪುಟ ಇನ್ನೊಂದಿಲ್ಲ.

ಸೀಟು ಹಿಡಿದಿಡಲು ಕಟ್ಟಿದ ಹಣವನ್ನು ನಮಗೆ ಮೊದಲ ಕಂತಿನಲ್ಲಿ ಮುರಿದುಕೊಂಡರು, ಅರ್ಜಿ ಶುಲ್ಕ ವಾಪಸ್ ಇಲ್ಲ. ಉಳಿದದ್ದನ್ನು ಮೂರು ಕಂತಿನಲ್ಲಿ ಕಟ್ಟಿದೆವು. ಬೇರೆ ದೇಶಗಳ ಎಷ್ಟೋ ಫ್ರೆಂಚ್ ಶಾಲೆಗಳಲ್ಲಿ ಮೊದಲ ಸಲ ಸೇರುವಾಗ ದೊಡ್ಡ ಮೊತ್ತವನ್ನು ಪ್ರತ್ಯೇಕವಾಗಿ ಕಟ್ಟಬೇಕು, ಅದು ಮರಳಿ ಬರುವುದಿಲ್ಲ. ಕೆಲವು ಕಡೆ ಫ್ರೆಂಚ್ ಪೌರರಿಗೆ ಒಂದು ದರ, ಆ ದೇಶದವರಿಗೆ ಒಂದು, ನಮ್ಮಂಥ ಮೂರನೆಯವರಿಗೆ ಎಲ್ಲಕ್ಕಿಂತ ಮೇಲಿನ ದರ. ಫ್ರಾನ್ಸ್ ಸರ್ಕಾರ ವಿದೇಶದಲ್ಲಿ ಓದುವ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ಅಲ್ಲಿನ ಪೌರರಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇರುವವರು ಅದರ ಆಸೆ ಇಟ್ಟುಕೊಳ್ಳಬೇಡಿ. ಇವರ ಕಂಪನಿ ಶಾಲೆಯ ಖರ್ಚು ಕೊಡುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ, ಬಸ್ಸು ಊಟ ಅದರಲ್ಲಿ ಬರುವುದಿಲ್ಲ. ನೌಕರಿಯ ಪತ್ರಕ್ಕೆ ಸಹಿ ಹಾಕುವ ಮೊದಲೇ ಎಷ್ಟು ಮಕ್ಕಳಿಗೆ, ಯಾವ ಯಾವ ಬಾಬ್ತಿಗೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಂಪನಿ ಕೊಡದೆ ಇದ್ದಿದ್ದರೆ ಇಬ್ಬರನ್ನೂ ಇಲ್ಲಿ ಓದಿಸಲು ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ.

ಶಾಲೆಯ ಒಳಗಿನ ವಿಷಯ ಬರೆಯಲು ನನಗೆ ನಿಜವಾಗಿ ಖುಷಿ. ಮಗಳು ಹೊಸ ಕ್ಲಾಸಿನಲ್ಲಿ ಕೂತ ಮೊದಲ ವಾರವೇ ಪಾಠ ಹಿಡಿದುಕೊಂಡಳು. ತುಲೂಸ್‌ನಲ್ಲಿ ಬಿಟ್ಟ ಕಡೆಯಿಂದಲೇ ಇಲ್ಲಿ ಶುರು, ಅದೇ ಕೂಡಿಸಿ ಬರೆಯುವ ಅಕ್ಷರ, ಅದೇ ಇಂಕ್ ಪೆನ್ನು, ಅದೇ ವಾರದ ಉಕ್ತಲೇಖನ, ಅದೇ ಬಾಯಿಪಾಠದ ಪದ್ಯ. ನೋಟ್‌ಬುಕ್ಕಿನ ಗೆರೆಗಳು ಕೂಡ ಅವೇ. ಫ್ರೆಂಚ್ ಶಾಲೆಗಳಲ್ಲಿ ಒಂದು ವಿಶೇಷ ಗೆರೆಯ ಪುಸ್ತಕ ಇರುತ್ತದೆ, ದೊಡ್ಡ ಚೌಕದೊಳಗೆ ಸಣ್ಣ ಅಡ್ಡಗೆರೆಗಳು, ಅಕ್ಷರದ ಎತ್ತರ ಅದರ ಮೇಲೆ ಅಳೆದ ಹಾಗೆ ಬರಬೇಕು. ದುಬೈನ ಕರಾಮಾ ಏರಿಯಾದ ನಮ್ಮವರ ಅಂಗಡಿಗಳಲ್ಲಿ ಎಲ್ಲ ತರಹದ ಲಾಂಗ್‌ಬುಕ್ ಸಿಗುತ್ತದೆ, ಅದು ಸಿಗಲಿಲ್ಲ. ಶಾಲೆಯ ಪೋಷಕರ ಸಂಘದವರು ಇಡೀ ಪಟ್ಟಿಯ ಸಾಮಾನನ್ನು ಕಟ್ಟಿ ಮಾರುತ್ತಾರೆ, ಜುಲೈ ಮೊದಲೇ ಹೇಳಿದರೆ ಸಿಗುತ್ತದೆ.

ಕ್ಲಾಸಿನಲ್ಲಿ ಲೆಬನಾನ್, ಮೊರಾಕೊ, ಟ್ಯುನೀಶಿಯ, ಸೆನೆಗಲ್, ಫ್ರಾನ್ಸ್, ಎಲ್ಲ ಕಡೆಯ ಮಕ್ಕಳು. ಆಟದ ಮೈದಾನದಲ್ಲಿ ಫ್ರೆಂಚ್, ಅರೇಬಿಕ್, ಇಂಗ್ಲಿಷ್ ಎಲ್ಲ ಕಲಸಿ ಮಾತಾಡುತ್ತಾರೆ. ಯುಎಇ ನಿಯಮದ ಪ್ರಕಾರ ಅರೇಬಿಕ್ ಕಲಿಯಲೇಬೇಕು, ಅರಬ್ಬರಲ್ಲದ ಮಕ್ಕಳಿಗೆ ಬೇರೆ ಗುಂಪು. ಇಂಗ್ಲಿಷ್ ಪಾಠ ತುಲೂಸ್‌ಗಿಂತ ಎಷ್ಟೋ ಜಾಸ್ತಿ. ನಾನು ಹೆದರಿದ್ದ ಇಂಗ್ಲಿಷ್ ಒಂದೇ ವರ್ಷದಲ್ಲಿ ಸರಿಹೋಯಿತು.

ಊಟ. ಫ್ರಾನ್ಸಿನಲ್ಲಿ ಶಾಲೆಯ ಊಟದಲ್ಲಿ ವಾರಕ್ಕೊಂದು ಸಲ ಸಸ್ಯಾಹಾರ ಕೊಡಬೇಕು ಅಂತ 2019ರಿಂದ ಕಾನೂನೇ ಇದೆ, ಆದರೂ ಉಳಿದ ದಿನಗಳದ್ದು ನಮಗೆ ಯೋಚನೆಯೇ ಆಗಿತ್ತು. ಇಲ್ಲಿ ಡಬ್ಬಿ ತರಬಹುದು. ಕಡಲೆಬೀಜ, ಗೋಡಂಬಿ ಮಾತ್ರ ಬರಲೇಬಾರದು, ಅಲರ್ಜಿ ಇರುವ ಮಕ್ಕಳಿರುತ್ತಾರೆ. ಕಡಲೆಬೀಜ ಇಲ್ಲದ ಚಿತ್ರಾನ್ನ ಏನು ಚೆನ್ನಾಗಿರುತ್ತೆ ಅಂತ ಅತ್ತೆ ಕೇಳುತ್ತಾರೆ, ಮಕ್ಕಳಿಗೆ ಈಗ ಅದೇ ರುಚಿ. ಸ್ನೇಹಿತೆಯರು ಇಸಿದುಕೊಂಡು ತಿನ್ನುತ್ತಾರೆ ಅಂತ ಮಗಳು ಒಂದು ಡಬ್ಬಿ ಜಾಸ್ತಿ ಒಯ್ಯುತ್ತಾಳೆ.

ಅಂಕಗಳ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಪ್ರಾಥಮಿಕದಲ್ಲಿ ನೂರಕ್ಕೆ ಎಷ್ಟು ಅಂತ ಇಲ್ಲ. ಒಂದೊಂದು ಗುರಿಗೂ ನಾಲ್ಕು ಹಂತ: ತಲುಪಿಲ್ಲ, ಸ್ವಲ್ಪ ತಲುಪಿದೆ, ತಲುಪಿದೆ, ಮೀರಿದೆ. ಬೆಂಗಳೂರಿಗೆ ಹೋದಾಗ ಮಾವ ಪ್ರಗತಿ ಪುಸ್ತಕ ಹಿಡಿದುಕೊಂಡು, “ಪುಟ್ಟಿ, ಕ್ಲಾಸಿಗೆ ನೀನು ಎಷ್ಟನೆಯವಳು?” ಅಂತ ಕೇಳಿದರು. “ನಮ್ಮಲ್ಲಿ ಹಾಗೆಲ್ಲ ಇಲ್ಲ ತಾತ, ಭಾಗಾಕಾರ ಇನ್ನೂ ಸ್ವಲ್ಪ ಬರಬೇಕು ಅಷ್ಟೇ” ಅಂದಳು. ಅವರು ಅಲ್ಲೇ ಕೂರಿಸಿಕೊಂಡು ಭಾಗಾಕಾರ ಹೇಳಿಕೊಡಲು ಹೋದರು. ನೋಡಿದರೆ ಇವಳು ಭಾಜಕವನ್ನು ಬಲಗಡೆ ಮೇಲೆ ಬರೆದು, ಉತ್ತರವನ್ನು ಅದರ ಕೆಳಗೆ ಬರೆಯುತ್ತಾಳೆ, ಫ್ರೆಂಚ್ ಶಾಲೆಗಳಲ್ಲಿ ಹಾಗೇ. ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ. ಮಾವ ಬೇಜಾರು ಮಾಡಿಕೊಳ್ಳದೆ ಅವಳ ರೀತಿಯನ್ನೇ ಮೊದಲು ಕಲಿತು, ಆಮೇಲೆ ಮಗ್ಗಿ ಬಾಯಿಪಾಠ ಮಾಡಿಸಿದರು. ಇಪ್ಪತ್ತರವರೆಗೆ ಮಗ್ಗಿ ಹೇಳುವವರು ಅವಳ ಕ್ಲಾಸಿನಲ್ಲಿ ಅವಳೊಬ್ಬಳೇ.

ಮನೆಪಾಠ ಅನ್ನುವುದೇ ನನ್ನ ಮುಖ್ಯ ಮಾತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಹೋಂವರ್ಕ್ ಕೊಡಬಾರದು ಅಂತ ಫ್ರಾನ್ಸಿನಲ್ಲಿ 1956ರಿಂದಲೇ ಆದೇಶ ಇದೆ. ಕೇಳಲು ಹಗುರ. ಆದರೆ ಓದಿಕೊಂಡು ಬರಬೇಕು, ಪದ್ಯ ಕಲಿಯಬೇಕು, ಉಕ್ತಲೇಖನದ ಪದಗಳನ್ನು ಕಲಿಯಬೇಕು, ಕ್ರಿಯಾಪದಗಳ ರೂಪಗಳನ್ನು ಒಪ್ಪಿಸಬೇಕು. ಒಪ್ಪಿಸಿಕೊಳ್ಳುವವರಿಗೆ ಫ್ರೆಂಚ್ ಬರಬೇಕಲ್ವಾ? ಅಪ್ಪ ಅಮ್ಮ ಇಬ್ಬರೂ ಫ್ರೆಂಚ್ ಮಾತಾಡುವ ಮನೆಯ ಮಕ್ಕಳಿಗೆ ಇದು ಊಟದ ಜೊತೆ ಆಗಿಹೋಗುತ್ತದೆ. ನಾನು ಮದುವೆ ಆದ ಹೊಸದರಲ್ಲಿ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಶುರು ಮಾಡಿ, ಆಮೇಲೆ ತುಲೂಸ್‌ನ ಅಂಗಡಿ, ಶಾಲೆಯ ಗೇಟು ಅಂತ ಎಲ್ಲ ಕಡೆ ಮಾತಾಡಿ ಮಾತಾಡಿ ಕಲಿತವಳು. ಹಾಗಾಗಿ ನಡೆಯಿತು. ಶಾಲೆಯ ಸಭೆ, ಶಿಕ್ಷಕರ ಪತ್ರ, ಪೋಷಕರ ಪ್ರತಿನಿಧಿಯ ಚುನಾವಣೆ ಎಲ್ಲ ಫ್ರೆಂಚ್‌ನಲ್ಲೇ. ಇಂಗ್ಲಿಷ್‌ನಲ್ಲಿ ಕೇಳಿದರೆ ಮರ್ಯಾದೆಯಿಂದಲೇ ಹೇಳುತ್ತಾರೆ, ಆದರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ನಮ್ಮ ಪಕ್ಕದ ಫ್ಲಾಟಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿದ್ದ ಮಗನನ್ನು ನಾಲ್ಕನೇ ಕ್ಲಾಸಿಗೆ ಇಲ್ಲಿ ಸೇರಿಸಬೇಕು ಅಂತ ಆಸೆಪಟ್ಟರು. ಇನ್ನೊಂದು ಭಾಷೆ ಬರುತ್ತದೆ, ಮುಂದೆ ಯುರೋಪಿಗೆ ಹೋಗಬಹುದು ಅಂತ. ಮನೆಯಲ್ಲಿ ಯಾರಿಗೂ ಫ್ರೆಂಚ್ ಬರುವುದಿಲ್ಲ. ಬೇಡ ಅಂತ ನಾನು ಸ್ಪಷ್ಟವಾಗಿ ಹೇಳಿದೆ. ಮೂರು ವರ್ಷದ ಮಗುವಾದರೆ ಧೈರ್ಯವಾಗಿ ಸೇರಿಸಿ, ಆಟದಲ್ಲೇ ಭಾಷೆ ಬರುತ್ತದೆ. ಒಂಬತ್ತು ವರ್ಷದ ಮಗು ಕ್ಲಾಸಿನಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ. ಸೇರುವಾಗ ಫ್ರೆಂಚ್ ಮತ್ತು ಗಣಿತದಲ್ಲಿ ಪರೀಕ್ಷೆ ಬೇರೆ ಇರುತ್ತದೆ. ಹೊಸಬರಿಗೆ ಪ್ರತ್ಯೇಕ ಫ್ರೆಂಚ್ ಪಾಠ ಕೆಲವು ಶಾಲೆಗಳಲ್ಲಿದೆ, ಇದೆಯಾ, ವಾರಕ್ಕೆ ಎಷ್ಟು ಗಂಟೆ, ಅದಕ್ಕೆ ಬೇರೆ ದುಡ್ಡಾ ಅಂತ ವಿಚಾರಿಸದೆ ಮುಂದುವರಿಯಬೇಡಿ.

ಕನ್ನಡದ ಬಗ್ಗೆ ಎಲ್ಲರೂ ಕೇಳುತ್ತಾರೆ. ದುಬೈನಲ್ಲಿ ನಮ್ಮ ಕನ್ನಡಿಗರೇ ರಜಾ ದಿನಗಳಲ್ಲಿ ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆ ಇದೆ, ಇಬ್ಬರೂ ಹೋಗುತ್ತಾರೆ. ಮಗ ಈಗ ಸಿಇ1, ಒತ್ತಕ್ಷರದಲ್ಲಿದ್ದಾನೆ. ತುಲೂಸ್‌ನಲ್ಲಿ ಇದು ಸಿಕ್ಕಿರಲಿಲ್ಲ. ಶಾಲೆಯ ಚರಿತ್ರೆ ಪಾಠದಲ್ಲಿ ಅವರ ಹಳೆಯ ರಾಜರಾದ ಕ್ಲೋವಿಸ್, ಶಾರ್ಲಮೇನ್, ಹದಿನಾಲ್ಕನೇ ಲೂಯಿ ಎಲ್ಲ ಬರುತ್ತಾರೆ, ನಮ್ಮ ದೇಶದ್ದು ತೀರಾ ಕಮ್ಮಿ. ಅದನ್ನು ನಾವೇ ತುಂಬಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಬಾದಾಮಿ, ಐಹೊಳೆ, ಹಂಪಿ ತೋರಿಸಿದೆವು, ಪುಲಿಕೇಶಿ ಶಾರ್ಲಮೇನ್‌ಗಿಂತ ಮೊದಲಿನವನಾ ಅಂತ ಮಗಳು ಅಲ್ಲೇ ಲೆಕ್ಕ ಹಾಕಿದಳು.

ಅವಳೀಗ ಸಿಝಿಯೆಮ್, ನಮ್ಮ ಆರನೇ ಕ್ಲಾಸು. ಇಲ್ಲಿಂದ ಶುರುವಾಗುವ ಮಾಧ್ಯಮಿಕ ಹಂತಕ್ಕೆ ಕೊಲೆಜ್ ಅನ್ನುತ್ತಾರೆ, ಅದು ಬೇರೆಯೇ ಲೋಕ. ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಶಿಕ್ಷಕರು, ಅಂಕ 20ಕ್ಕೆ. 14 ಬಂದರೆ ತುಂಬಾ ಒಳ್ಳೆಯದು, ಶಾಲೆ ಮುಗಿಸುವಾಗ ಬರೆಯುವ ಬಾಕಲೋರಿಯಾ ಪರೀಕ್ಷೆಯಲ್ಲಿ ಒಟ್ಟು ಸರಾಸರಿ 16 ದಾಟಿದರೆ ಅತ್ಯುತ್ತಮ ಶ್ರೇಣಿ. ನಮ್ಮ ತೊಂಬತ್ತೆಂಟು ಪರ್ಸೆಂಟಿನ ಲೆಕ್ಕವನ್ನು ಇಲ್ಲಿಗೆ ತಂದು ಮಗುವನ್ನು ಬೈಯಬೇಡಿ. ಮನೆಪಾಠ, ಅಂಕ, ಗೈರುಹಾಜರಿ ಎಲ್ಲ ಪ್ರೊನೋಟ್ ಅನ್ನುವ ಆ್ಯಪ್‌ನಲ್ಲಿ ಬರುತ್ತದೆ. ಬಾಕಲೋರಿಯಾದಲ್ಲಿ ಈಗ 40 ಪರ್ಸೆಂಟ್ ಅಂಕ ಕೊನೆಯ ಎರಡು ವರ್ಷದ ಕ್ಲಾಸಿನ ಕೆಲಸದಿಂದ ಬರುತ್ತದೆ, ಹಾಗಾಗಿ ಆ ಎರಡು ವರ್ಷದ ಮಧ್ಯೆ ಶಾಲೆ ಬದಲಾಯಿಸುವುದು ಒಳ್ಳೆಯದಲ್ಲ. ಭಾರತಕ್ಕೆ ವಾಪಸ್ ಬಂದು ಕಾಲೇಜು ಸೇರಿಸುವ ಯೋಚನೆ ಇದ್ದವರು, 2018ರಲ್ಲಿ ಭಾರತ ಮತ್ತು ಫ್ರಾನ್ಸ್ ಪರಸ್ಪರ ಶೈಕ್ಷಣಿಕ ಅರ್ಹತೆಗಳನ್ನು ಒಪ್ಪಿಕೊಳ್ಳುವ ಒಪ್ಪಂದ ಮಾಡಿಕೊಂಡಿವೆ ಅನ್ನುವುದು ನೆನಪಿರಲಿ. ಆದರೆ ನೀಟ್, ಸಿಇಟಿ ತರಹದ ಪರೀಕ್ಷೆಗೆ ಈ ಪಠ್ಯ ತಯಾರು ಮಾಡುವುದಿಲ್ಲ. ಮಗು ಡಾಕ್ಟರ್ ಆಗಬೇಕು, ಕರ್ನಾಟಕದಲ್ಲೇ ಓದಬೇಕು ಅಂತಿದ್ದರೆ ಎಂಟನೇ ಕ್ಲಾಸಿಗೆ ಮೊದಲೇ ಊರಿನ ಪಠ್ಯಕ್ಕೆ ಬಂದುಬಿಡುವುದು ವಾಸಿ ಅಂತ ನನಗನ್ನಿಸುತ್ತದೆ. ನಾವು ಈ ದಾರಿಯಲ್ಲೇ ಮುಂದುವರಿಯುವುದು ಅಂತ ನಿರ್ಧರಿಸಿದ್ದೇವೆ.

ಹೊರಡುವವರಿಗೆ ಒಂದು ಮಾತು, ತಿಂಗಳು ನೋಡಿಕೊಂಡು ಕೆಲಸ ಮಾಡಿ. ಹಳೆ ಶಾಲೆಯ ಬಿಡುಗಡೆ ಪತ್ರ ಮತ್ತು ಪ್ರಗತಿ ಪುಸ್ತಕವನ್ನು ಜೂನ್‌ನಲ್ಲೇ ಕೇಳಿ ಕೈಗೆ ತೆಗೆದುಕೊಳ್ಳಿ. ಬಾಕಿ ಏನಾದರೂ ಇದ್ದರೆ, ಕೊನೆಗೆ ಲೈಬ್ರರಿಯ ಒಂದು ಪುಸ್ತಕ ಇದ್ದರೂ, ಮೊದಲು ತೀರಿಸಿ. ಜುಲೈ ಮೊದಲ ವಾರ ಕಳೆಯಿತೆಂದರೆ ಶಾಲೆಗೆ ಬೀಗ, ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಫೋನ್ ಎತ್ತುವವರು ಸಿಗುವುದು ಕಷ್ಟ. ಇಲ್ಲಿ ಶಾಲೆ ಶುರುವಾದ ಮೊದಲ ದಿನವೇ ಆ ಕಾಗದ ಕೇಳುತ್ತಾರೆ.